ಪರದೇಶವಾಸ ಮತ್ತು ಆರೋಗ್ಯವಿಮೆಯ ಗಣಿತ

ದೂರದೇಶಕ್ಕೆ ಹೊರಟವರು ತಮ್ಮೊಡನೆ ಒಯ್ಯಬೇಕಾದ ವಸ್ತುಗಳ ಪಟ್ಟಿಯನ್ನು ಬಹು ಎಚ್ಚರಿಕೆಯಿಂದ ಸಿದ್ಧಪಡಿಸುತ್ತಾರೆ. ಬಟ್ಟೆಬರೆ, ಪುಸ್ತಕ, ಪದವಿಪತ್ರಗಳ ನಕಲು, ಉಪ್ಪಿನಕಾಯಿ, ಚಟ್ನಿಪುಡಿ – ಇವುಗಳಲ್ಲಿ ಒಂದನ್ನೂ ಮರೆಯುವುದಿಲ್ಲ. ಆದರೆ ಯಾವ ಪೆಟ್ಟಿಗೆಯಲ್ಲಿಯೂ ಇಡದೆ, ಯಾವ ಪಟ್ಟಿಯಲ್ಲಿಯೂ ಬರೆಯದೆ, ಪ್ರತಿಯೊಬ್ಬರೂ ಒಯ್ಯುವ ವಸ್ತುವೊಂದುಂಟು. ಅದು ಅವರವರ ಶರೀರ. ಈ ಶರೀರಕ್ಕೆ ಊರಿನಲ್ಲಿ ಬರುವ ಜ್ವರ, ಹಲ್ಲುನೋವು, ಕರುಳಿನ ಉರಿ, ಮೂಳೆಮುರಿತಗಳು ಪರದೇಶದಲ್ಲಿಯೂ ಬರುತ್ತವೆ. ವ್ಯತ್ಯಾಸವಿರುವುದು ಕಾಯಿಲೆಯಲ್ಲಲ್ಲ, ಅದು ಬಂದಾಗ ನಮ್ಮ ಸುತ್ತ ಇರುವವರಲ್ಲಿ.

ಊರಿನಲ್ಲಿ ಒಬ್ಬನು ಹಾಸಿಗೆ ಹಿಡಿದರೆ ನೆಂಟರು ಬರುತ್ತಾರೆ, ನೆರೆಯವರು ಗಂಜಿ ಕಾಯಿಸಿ ತರುತ್ತಾರೆ, ಪರಿಚಯದ ವೈದ್ಯರಿರುತ್ತಾರೆ, ಕೈಯಲ್ಲಿ ಹಣವಿಲ್ಲದಿದ್ದರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಿದೆ. ಪರದೇಶದಲ್ಲಿ ಇವಾವುವೂ ಇಲ್ಲ. ಅಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಂಥ ಸಾಮಾನ್ಯ ಚಿಕಿತ್ಸೆಯ ವೆಚ್ಚವೂ ಒಬ್ಬ ವಿದ್ಯಾರ್ಥಿಯ ವರ್ಷದ ಉಳಿತಾಯವನ್ನು ಮೀರಬಹುದು. ಆದುದರಿಂದಲೇ ವೀಸಾ ಕೇಳಿದಾಗ ಅನೇಕ ದೇಶಗಳ ಕಚೇರಿಗಳು ಪ್ರವೇಶಪತ್ರ, ಹಣಕಾಸಿನ ಪತ್ರಗಳೊಡನೆ ಆರೋಗ್ಯವಿಮೆಯ ಪತ್ರವನ್ನೂ ಕೇಳುತ್ತವೆ. ನಮ್ಮ ಯುವಕರಲ್ಲಿ ಬಹುಮಂದಿ ಇದನ್ನು ಕಚೇರಿಯ ಒಂದು ಕಟ್ಟಳೆ ಎಂದು ಮಾತ್ರ ಭಾವಿಸಿ, ಎಲ್ಲಕ್ಕಿಂತ ಅಗ್ಗವಾದುದನ್ನು ಕೊಂಡು, ಓದದೆ ಮಡಿಚಿಡುತ್ತಾರೆ. ಹೀಗೆ ಮಾಡುವುದು ಸರಿಯಲ್ಲ. ಕೆಲವು ಸಾವಿರ ರೂಪಾಯಿ ಕೊಟ್ಟವನಿಗೆ ಹಲವು ಲಕ್ಷ ಕೊಡುವೆವೆಂದು ಒಂದು ಸಂಸ್ಥೆ ಮಾತು ಕೊಡುವುದು ಹೇಗೆ ಸಾಧ್ಯ? ಆ ಮಾತು ಯಾವಾಗ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ? ಭೌತವಿಜ್ಞಾನವನ್ನು ಓದಿದವರಿಗೆ ಈ ಪ್ರಶ್ನೆಗಳ ಉತ್ತರ ಹೊಸತೇನೂ ಅಲ್ಲ. ಕೊಠಡಿಯೊಳಗಿನ ಗಾಳಿಯ ಒತ್ತಡ ಏಕೆ ಸ್ಥಿರವಾಗಿದೆ ಎಂಬುದಕ್ಕೆ ನಾವು ಕೊಡುವ ಉತ್ತರವೇ ಇಲ್ಲಿಯೂ ಸಲ್ಲುತ್ತದೆ.

ಒಬ್ಬನ ಲೆಕ್ಕ, ಹಲವರ ಲೆಕ್ಕ

ಲೆಕ್ಕಕ್ಕೆ ಅನುಕೂಲವಾಗುವಂತೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪರದೇಶದಲ್ಲಿರುವ ಒಬ್ಬ ಯುವಕನಿಗೆ ಒಂದು ವರ್ಷದಲ್ಲಿ ಆಸ್ಪತ್ರೆ ಸೇರುವಷ್ಟು ದೊಡ್ಡ ಕಾಯಿಲೆ ಬರುವ ಸಂಭವನೀಯತೆ 50ರಲ್ಲಿ 1 ಆಗಿರಲಿ. ಬಂದರೆ ತಗಲುವ ವೆಚ್ಚ 5 ಲಕ್ಷ ರೂಪಾಯಿ ಆಗಿರಲಿ. ಇವು ನಿಜವಾದ ಅಂಕಿಗಳಲ್ಲ, ತತ್ತ್ವವನ್ನು ತಿಳಿಯಲು ಹಿಡಿದ ಅಂಕಿಗಳು. ಆಗ ಸರಾಸರಿ ವೆಚ್ಚ 5 ಲಕ್ಷದ 50ನೆಯ ಒಂದು ಭಾಗ, ಅಂದರೆ 10,000 ರೂಪಾಯಿ.

ಆದರೆ ಈ ಸರಾಸರಿಯಿಂದ ಒಬ್ಬಂಟಿಗನಿಗೆ ಏನು ಪ್ರಯೋಜನ? ಅವನ ಪಾಲಿಗೆ ವೆಚ್ಚ ಒಂದೋ ಸೊನ್ನೆ, ಇಲ್ಲವೆ 5 ಲಕ್ಷ. 10,000 ಎಂದಿಗೂ ಅಲ್ಲ. ನಿಶ್ಚಿಂತೆಯಿಂದ ಇರಬೇಕಾದರೆ ಅವನು 5 ಲಕ್ಷವನ್ನೂ ಬದಿಗೆ ತೆಗೆದಿರಿಸಬೇಕು. ಅಷ್ಟು ಹಣವಿಲ್ಲದವನು ಅದೃಷ್ಟವನ್ನು ನಂಬಿ ಕುಳಿತುಕೊಳ್ಳಬೇಕು.

ಈಗ ಇಂತಹ 100 ಮಂದಿ ಸೇರಿ ತಲೆಗೆ 10,000 ರೂಪಾಯಿಯಂತೆ ಒಂದು ನಿಧಿ ಮಾಡಿದರೆನ್ನಿ. ನಿಧಿ 10 ಲಕ್ಷವಾಯಿತು. ನಿರೀಕ್ಷಿತ ರೋಗಿಗಳು ಇಬ್ಬರು. ಇಬ್ಬರಿಗೆ ಈ ಹಣ ಸರಿಯಾಗಿ ಸಾಲುತ್ತದೆ. ಆದರೆ ನಿರೀಕ್ಷೆಯಂತೆಯೇ ನಡೆಯಬೇಕೆಂಬ ನಿಯಮವಿಲ್ಲವಷ್ಟೆ? ಗಣಿತದ ಪ್ರಕಾರ 100 ಮಂದಿಯಲ್ಲಿ ಒಬ್ಬರೂ ಕಾಯಿಲೆ ಬೀಳದಿರುವ ಸಂಭವ 100ಕ್ಕೆ ಸುಮಾರು 13. ಮೂವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಬೀಳುವ ಸಂಭವ 100ಕ್ಕೆ ಸುಮಾರು 32. ಅಂದರೆ ಮೂರು ವರ್ಷಗಳಲ್ಲಿ ಒಂದು ವರ್ಷ ಈ ನಿಧಿ ಬರಿದಾಗಿ, ಕೊನೆಗೆ ಕಾಯಿಲೆ ಬಿದ್ದವನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಹಾಗಾದರೆ ಎಷ್ಟು ಮಂದಿ ಸೇರಿದರೆ ಸಾಕು? ಇದನ್ನು ತಿಳಿಯಲು ಸರಾಸರಿಯಿಂದ ಆಗುವ ಏರಿಳಿತದ ಅಳತೆ ನಮಗೆ ಬೇಕು. ಅದಕ್ಕೆ ಮಾನಕ ವಿಚಲನೆ ಎಂದು ಹೆಸರು. ಇಂತಹ ಲೆಕ್ಕದಲ್ಲಿ ಜನರ ಸಂಖ್ಯೆ, ಕಾಯಿಲೆಯ ಸಂಭವನೀಯತೆ, ಕಾಯಿಲೆ ಬಾರದಿರುವ ಸಂಭವನೀಯತೆ – ಈ ಮೂರನ್ನು ಗುಣಿಸಿ ವರ್ಗಮೂಲ ತೆಗೆದರೆ ಅದು ದೊರೆಯುತ್ತದೆ. 100 ಮಂದಿಗೆ: 100ನ್ನು 0.02ರಿಂದಲೂ 0.98ರಿಂದಲೂ ಗುಣಿಸಿದರೆ 1.96, ಅದರ ವರ್ಗಮೂಲ 1.4. ಇದೇ ಬಗೆಯಲ್ಲಿ 10,000 ಮಂದಿಗೆ ನಿರೀಕ್ಷಿತ ರೋಗಿಗಳು 200, ಮಾನಕ ವಿಚಲನೆ 14. 10 ಲಕ್ಷ ಮಂದಿಗೆ ನಿರೀಕ್ಷಿತ ರೋಗಿಗಳು 20,000, ಮಾನಕ ವಿಚಲನೆ 140.

ರೋಗಿಗಳ ಸಂಖ್ಯೆ ನಿರೀಕ್ಷೆಗಿಂತ ಮೂರು ಮಾನಕ ವಿಚಲನೆಗಳಷ್ಟು ಮೇಲೇರುವುದು ಬಹು ಅಪರೂಪ. ಆದುದರಿಂದ ಅಷ್ಟರ ಮಟ್ಟಿಗೆ ಹೆಚ್ಚಿನ ಹಣವನ್ನು ಕೂಡಿಟ್ಟರೆ ನಿಧಿ ಸುರಕ್ಷಿತವೆನ್ನಬಹುದು. 100 ಮಂದಿಯ ನಿಧಿಯಲ್ಲಿ ಈ ಹೆಚ್ಚಿನ ಹಣ ಸರಾಸರಿ ವೆಚ್ಚದ ನೂರಕ್ಕೆ 210ರಷ್ಟಾಗುತ್ತದೆ. 10,000 ಮಂದಿಯ ನಿಧಿಯಲ್ಲಿ ನೂರಕ್ಕೆ 21. 10 ಲಕ್ಷ ಮಂದಿಯ ನಿಧಿಯಲ್ಲಿ ಕೇವಲ ನೂರಕ್ಕೆ 2.1. ಜನರು ನೂರು ಪಟ್ಟು ಹೆಚ್ಚಿದರೆ ಹೆಚ್ಚುವರಿ ಹಣದ ಪ್ರಮಾಣ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಯಾರು ಕಾಯಿಲೆ ಬೀಳುವರೆಂಬುದನ್ನು ಯಾವ ಜೋಯಿಸನೂ ಹೇಳಲಾರ. ಆದರೆ ಎಷ್ಟು ಮಂದಿ ಬೀಳುವರೆಂಬುದನ್ನು, ಜನಸಮೂಹ ದೊಡ್ಡದಾಗಿದ್ದರೆ, ಲೆಕ್ಕಿಗನು ಧೈರ್ಯವಾಗಿ ಹೇಳಬಲ್ಲ. ಆರೋಗ್ಯವಿಮೆಯ ಬುನಾದಿ ಇದೇ.

ಗಾಳಿಯ ಒತ್ತಡವೂ ಹೀಗೆಯೇ. ಒಂದೊಂದು ಅಣು ಯಾವ ಕ್ಷಣದಲ್ಲಿ ಗೋಡೆಗೆ ಬಡಿಯುವುದೆಂದು ಹೇಳಲಾಗದು. ಆದರೂ ಒತ್ತಡಮಾಪಕದ ಮುಳ್ಳು ನಡುಗುವುದಿಲ್ಲ. ಕೋಟಿ ಕೋಟಿ ಕೋಟಿ ಅಣುಗಳ ಅನಿಶ್ಚಯಗಳು ಒಂದನ್ನೊಂದು ಸರಿದೂಗಿಸಿ ಒಂದು ನಿಶ್ಚಯವನ್ನು ಹುಟ್ಟಿಸುತ್ತವೆ.

ಹುಣಿಸೆಬೀಜದ ಪ್ರಯೋಗ

ಇದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿ ನೋಡಬಹುದು. ಒಂದೇ ಗಾತ್ರದ 50 ಹುಣಿಸೆಬೀಜಗಳನ್ನು ಆರಿಸಿ, ಒಂದಕ್ಕೆ ಮಾತ್ರ ಬಣ್ಣದ ಗುರುತು ಮಾಡಿ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿರಿ. ನೋಡದೆ ಒಂದು ಬೀಜವನ್ನು ತೆಗೆಯಿರಿ. ಗುರುತಿನ ಬೀಜ ಬಂದರೆ ಒಬ್ಬನು ಕಾಯಿಲೆ ಬಿದ್ದನೆಂದು ಬರೆದುಕೊಳ್ಳಿರಿ. ಬೀಜವನ್ನು ಮತ್ತೆ ಚೀಲಕ್ಕೆ ಹಾಕಿ, ಚೆನ್ನಾಗಿ ಕುಲುಕಿ, ಪುನಃ ತೆಗೆಯಿರಿ. ಹೀಗೆ 100 ಸಲ ತೆಗೆದರೆ 100 ಮಂದಿಯ ಒಂದು ವರ್ಷದ ಚರಿತ್ರೆ ದೊರೆತಂತಾಯಿತು.

ಹತ್ತು ಗೆಳೆಯರು ಬೇರೆಬೇರೆಯಾಗಿ ಈ ಪ್ರಯೋಗವನ್ನು ಮಾಡಲಿ. ಒಬ್ಬನಿಗೆ ಸೊನ್ನೆ, ಮತ್ತೊಬ್ಬನಿಗೆ ನಾಲ್ಕು, ಇನ್ನೊಬ್ಬನಿಗೆ ಒಂದು – ಹೀಗೆ ಉತ್ತರಗಳು ಚದರಿರುತ್ತವೆ. ಆದರೆ ಹತ್ತೂ ಉತ್ತರಗಳನ್ನು ಕೂಡಿಸಿದರೆ ಮೊತ್ತ 20ರ ಆಸುಪಾಸಿನಲ್ಲಿ ಬರುತ್ತದೆ. ಅದರಿಂದ ನಾಲ್ಕೈದು ಆಚೀಚೆಯಾದರೆ ಆಶ್ಚರ್ಯಪಡಬೇಕಾದುದಿಲ್ಲ. ತೆಗೆದ ಬೀಜವನ್ನು ಪ್ರತಿಸಲವೂ ಹಿಂದಕ್ಕೆ ಹಾಕಬೇಕೆಂಬುದನ್ನು ಮರೆಯಬಾರದು. ಹಾಗೆ ಹಾಕಿದರೆ ಮಾತ್ರ ಒಬ್ಬನಿಗೆ ಬಂದ ಫಲ ಮತ್ತೊಬ್ಬನ ಫಲದ ಮೇಲೆ ಪರಿಣಾಮ ಮಾಡದೆ ಉಳಿಯುತ್ತದೆ. ಈ ಸ್ವತಂತ್ರತೆಯ ಮಾತು ಮುಂದೆ ಮತ್ತೆ ಬರುತ್ತದೆ.

ನಿಯಮದ ಚರಿತ್ರೆ

ದೊಡ್ಡ ಸಂಖ್ಯೆಗಳ ಈ ನಿಯಮವನ್ನು ಮೊದಲು ಗಣಿತರೀತಿಯಿಂದ ಸಾಧಿಸಿದವನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಯಾಕೋಬ್ ಬರ್ನೂಲಿ. ಅವನ ಗ್ರಂಥವು ಪ್ರಕಟವಾದುದು 1713ರಲ್ಲಿ, ಅವನು ತೀರಿಕೊಂಡು ಎಂಟು ವರ್ಷಗಳಾದ ಮೇಲೆ. ಅದಕ್ಕೆ ಇಪ್ಪತ್ತು ವರ್ಷ ಹಿಂದೆ, 1693ರಲ್ಲಿ, ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿಯು ಬ್ರೆಸ್ಲೌ ನಗರದ ಜನನಮರಣಗಳ ದಾಖಲೆಯನ್ನು ಹಿಡಿದು, ಯಾವ ವಯಸ್ಸಿನವರಲ್ಲಿ ಎಷ್ಟು ಮಂದಿ ಬದುಕಿ ಉಳಿಯುವರೆಂಬ ಕೋಷ್ಟಕವನ್ನು ರಚಿಸಿದ್ದನು. ಈಗ ಪೋಲೆಂಡಿಗೆ ಸೇರಿದ ಆ ನಗರದ ಹೆಸರು ವ್ರೋಟ್ಸ್ವಾಫ್. ಬರ್ನೂಲಿಯ ಪ್ರಮೇಯ, ಹ್ಯಾಲಿಯ ಕೋಷ್ಟಕ – ಇವೆರಡರಿಂದ ವಿಮೆಯು ಜೂಜಿನ ಕಡೆಯಿಂದ ವಿಜ್ಞಾನದ ಕಡೆಗೆ ಬಂದಿತು.

ಗಣಿತವಿಲ್ಲದೆಯೂ ಜನರು ಇದರ ಸಾರವನ್ನು ಬಲ್ಲವರಾಗಿದ್ದರು. ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿಯುಂಟು. ಇಂದು ನಿನ್ನ ಗದ್ದೆಗೆ ನಾನು ಆಳಾಗಿ ಬರುವೆ, ನಾಳೆ ನನ್ನ ಗದ್ದೆಗೆ ನೀನು ಬರತಕ್ಕದ್ದು. ಇಂದು ನಿನ್ನ ಮನೆಯ ಮದುವೆಗೆ ನನ್ನ ಕಾಣಿಕೆ, ನಾಳೆ ನನ್ನ ಮನೆಗೆ ನಿನ್ನದು. ಆರೋಗ್ಯವಿಮೆಯು ಒಬ್ಬರನ್ನೊಬ್ಬರು ಎಂದೂ ನೋಡದ ಲಕ್ಷಾಂತರ ಮಂದಿಯ ನಡುವಣ ಮುಯ್ಯಿ. ಕರ್ನಾಟಕದ ಸಹಕಾರಿ ರೈತರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಮೊದಲಿಗೆ ಒಬ್ಬ ಸದಸ್ಯನು ಕೊಡಬೇಕಾಗಿದ್ದುದು ವರ್ಷಕ್ಕೆ 60 ರೂಪಾಯಿ ಮಾತ್ರ. ಸದಸ್ಯರ ಸಂಖ್ಯೆ ಲಕ್ಷಗಳಲ್ಲಿದ್ದುದು ಅಂತಹ ಯೋಜನೆಗೆ ದೊಡ್ಡ ಬಲ. ಆದರೆ ಊರಿನ ಇಂತಹ ಯೋಜನೆಗಳು ದೇಶದ ಗಡಿಯನ್ನು ದಾಟುವುದಿಲ್ಲ. ಗಡಿ ದಾಟಿದವನು ಹೊಸ ದೇಶದ ಮುಯ್ಯಿಗೆ ಸೇರಿಕೊಳ್ಳಬೇಕು.

ನಿಯಮ ಮುರಿಯುವ ಸಂದರ್ಭಗಳು

ಪ್ರತಿಯೊಂದು ಭೌತನಿಯಮಕ್ಕೂ ಅದು ಸಲ್ಲುವ ಎಲ್ಲೆಯಿದೆ. ವಿಮೆಯ ನಿಯಮಕ್ಕೂ ಉಂಟು. ವಿಮಾಪತ್ರಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ನಿಬಂಧನೆಗಳಲ್ಲಿ ಬಹುಪಾಲು ಈ ಎಲ್ಲೆಗಳಿಂದ ಹುಟ್ಟಿದವು.

ಮೊದಲನೆಯದು ಸ್ವತಂತ್ರತೆ. ಒಬ್ಬನ ಕಾಯಿಲೆಗೂ ಇನ್ನೊಬ್ಬನ ಕಾಯಿಲೆಗೂ ಸಂಬಂಧವಿರಬಾರದು. ಒಂದೇ ಹಳ್ಳಿಯ ಮುಯ್ಯಿಯು ಬರಗಾಲದಲ್ಲಿ ನೆರವಾಗದಿರುವುದು ಈ ಕಾರಣದಿಂದ: ಎಲ್ಲರ ಗದ್ದೆಯೂ ಒಟ್ಟಿಗೆ ಒಣಗುತ್ತದೆ. ಸಾಂಕ್ರಾಮಿಕ ರೋಗವು ಇದೇ ರೀತಿಯದು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್ ರೋಗವನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿದಾಗ, ಕಾಯಿಲೆಗಳು ಒಂದೊಂದಾಗಿ ಅಲ್ಲ, ಒಟ್ಟಿಗೆ ಬಂದುವು. ಅಂತಹ ಸಮಯದಲ್ಲಿ ಮೇಲಿನ ವರ್ಗಮೂಲದ ಲೆಕ್ಕ ಸಲ್ಲುವುದಿಲ್ಲ. ಯುದ್ಧ, ಸಾಂಕ್ರಾಮಿಕ ಪಿಡುಗು ಮೊದಲಾದುವನ್ನು ಕೆಲವು ವಿಮಾಪತ್ರಗಳು ಹೊರಗಿಡುವುದಕ್ಕೆ ಇದೇ ಕಾರಣ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ನಮ್ಮ ಉದಾಹರಣೆಯ 10,000 ಮಂದಿಯಲ್ಲಿ ಎಲ್ಲರೂ ಒಂದೇ ರೀತಿಯವರಲ್ಲವೆಂದು ಇಟ್ಟುಕೊಳ್ಳೋಣ. 5,000 ಮಂದಿ ಗಟ್ಟಿಮುಟ್ಟಾದವರು; ಅವರ ಕಾಯಿಲೆಯ ಸಂಭವನೀಯತೆ 100ರಲ್ಲಿ 1. ಉಳಿದ 5,000 ಮಂದಿ ಮೊದಲೇ ಸ್ವಲ್ಪ ದುರ್ಬಲರು; ಅವರದು 100ರಲ್ಲಿ 3. ಒಟ್ಟಿನ ಸರಾಸರಿ ಮೊದಲಿನಂತೆ 100ರಲ್ಲಿ 2. ಕಂತು 10,000 ರೂಪಾಯಿ. ಗಟ್ಟಿಮುಟ್ಟಾದವನು ತನ್ನಲ್ಲಿ ಹೀಗೆ ಎಣಿಸುತ್ತಾನೆ: "ನನ್ನ ಪಾಲಿನ ಸರಾಸರಿ ವೆಚ್ಚ 5,000 ಮಾತ್ರ, ನಾನೇಕೆ 10,000 ಕೊಡಬೇಕು?" ಇಂತಹವರಲ್ಲಿ ಅರ್ಧ ಮಂದಿ, ಅಂದರೆ 2,500 ಮಂದಿ, ನಿಧಿಯನ್ನು ಬಿಟ್ಟು ಹೋದರೆನ್ನಿ. ಉಳಿದ 7,500 ಮಂದಿಯಲ್ಲಿ ನಿರೀಕ್ಷಿತ ರೋಗಿಗಳು 150 ಮತ್ತು 25 ಸೇರಿ 175. ವೆಚ್ಚವನ್ನು ಹಂಚಿದರೆ ತಲೆಗೆ ಸುಮಾರು 11,667 ರೂಪಾಯಿ. ಕಂತು ಏರಿದ್ದನ್ನು ಕಂಡು ಇನ್ನಷ್ಟು ಗಟ್ಟಿಗರು ಹೊರಡುತ್ತಾರೆ. ಕಂತು ಮತ್ತೆ ಏರುತ್ತದೆ. ಕೊನೆಗೆ ದುರ್ಬಲರು ಮಾತ್ರ ಉಳಿದು, ಕಂತು 15,000ಕ್ಕೆ ಮುಟ್ಟುತ್ತದೆ. ಯಾರಿಗೆ ನೆರವು ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಅವರೇ ಅದನ್ನು ಕೊಳ್ಳಲಾರದೆ ಹೋಗುತ್ತಾರೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹಳೆಯ ಮೋಟಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಈ ಬಗೆಯ ಕುಸಿತವನ್ನು ವಿವರಿಸಿದರು. 65 ವರ್ಷ ಮೀರಿದವರಿಗೆ ವೈದ್ಯಕೀಯ ವಿಮೆ ದೊರೆಯುವುದು ಏಕೆ ಕಷ್ಟವೆಂಬುದನ್ನೂ ಅಲ್ಲಿಯೇ ಚರ್ಚಿಸಿದರು. 2001ರಲ್ಲಿ ಅವರಿಗೆ ಮೈಕೇಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಸ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈ ಕುಸಿತವನ್ನು ತಡೆಯುವುದಕ್ಕೆ ಎರಡು ಮಾರ್ಗಗಳುಂಟು. ಕಾಯಿಲೆ ಇದ್ದವನನ್ನು ದೂರವಿಡುವುದು ಒಂದು. ಆರೋಗ್ಯವಂತನು ಹೊರಗೆ ಹೋಗದಂತೆ ಮಾಡುವುದು ಮತ್ತೊಂದು. ಖಾಸಗಿ ವಿಮಾಸಂಸ್ಥೆಗಳು ಸಾಮಾನ್ಯವಾಗಿ ಮೊದಲನೆಯದನ್ನು ಹಿಡಿಯುತ್ತವೆ: ಮೊದಲೇ ಇದ್ದ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳನ್ನು ಹೊರಗಿಡುತ್ತವೆ, ಅಥವಾ ಹೆರಿಗೆಗೂ ಕೆಲವು ಶಸ್ತ್ರಚಿಕಿತ್ಸೆಗಳಿಗೂ ಕಾಯುವ ಅವಧಿಯನ್ನು ಗೊತ್ತುಮಾಡುತ್ತವೆ. ಸರ್ಕಾರಗಳು ಎರಡನೆಯದನ್ನು ಹಿಡಿಯುತ್ತವೆ: ವಿಮೆಯನ್ನು ಎಲ್ಲರಿಗೂ ಕಡ್ಡಾಯ ಮಾಡುತ್ತವೆ. ವೀಸಾ ಕಚೇರಿಯ ಪ್ರಶ್ನೆಯಲ್ಲಿ ಅಡಗಿರುವ ಅರ್ಥ ಈಗ ಸ್ಪಷ್ಟವಾಯಿತು. ಇಪ್ಪತ್ತೆರಡು ವರ್ಷದ ಗಟ್ಟಿಮುಟ್ಟಾದ ವಿದ್ಯಾರ್ಥಿಯಿಂದ ಕಂತನ್ನು ಕೇಳುವುದು ಅವನ ಒಳಿತಿಗೆ ಮಾತ್ರವಲ್ಲ, ಅವನಿಲ್ಲದೆ ನಿಧಿಯೇ ನಿಲ್ಲಲಾರದು.

ಬೇರೆಬೇರೆ ದೇಶಗಳ ಮಾರ್ಗ

ಕಡ್ಡಾಯ ವಿಮೆಯನ್ನು ದೇಶದ ಕಾನೂನಾಗಿ ಮೊದಲು ತಂದುದು ಜರ್ಮನಿ. ಬಿಸ್ಮಾರ್ಕನ ಕಾಲದಲ್ಲಿ, 1883ರಲ್ಲಿ, ಕಾರ್ಮಿಕರ ಆರೋಗ್ಯವಿಮೆಯ ಶಾಸನವಾಯಿತು. ಕಂತಿನ ಮೂರರಲ್ಲಿ ಎರಡು ಪಾಲನ್ನು ಕಾರ್ಮಿಕನೂ ಒಂದು ಪಾಲನ್ನು ಮಾಲೀಕನೂ ಕೊಡಬೇಕಾಗಿತ್ತು. ಇಂದು ಆ ದೇಶದಲ್ಲಿ ವಾಸಿಸುವ ಎಲ್ಲರಿಗೂ ವಿಮೆ ಕಡ್ಡಾಯ. ಸಾರ್ವಜನಿಕ ವಿಮಾನಿಧಿಗಳಲ್ಲಿ ನೌಕರನ ಕಂತು ಅವನ ವರಮಾನವನ್ನು ಅನುಸರಿಸುತ್ತದೆಯೇ ಹೊರತು ಅವನ ಕಾಯಿಲೆಯನ್ನಲ್ಲ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಈ ನಿಧಿಗಳಲ್ಲಿ ವಿಶೇಷ ದರವಿದೆ. ವಿಶ್ವವಿದ್ಯಾನಿಲಯದಲ್ಲಿ ಹೆಸರು ನೋಂದಾಯಿಸಬೇಕಾದರೆ ವಿಮೆಯ ದಾಖಲೆ ಬೇಕು.

ಬ್ರಿಟನ್ನಿನ ಮಾರ್ಗ ಬೇರೆ. ಅಲ್ಲಿ 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯು ಮುಖ್ಯವಾಗಿ ತೆರಿಗೆಯ ಹಣದಿಂದ ನಡೆಯುತ್ತದೆ. ಆರು ತಿಂಗಳಿಗಿಂತ ಹೆಚ್ಚು ಕಾಲ ತಂಗಲು ಬರುವ ಪರದೇಶೀಯರಿಂದ 2015ರಿಂದ ಆರೋಗ್ಯ ಅಧಿಭಾರವೊಂದನ್ನು ವಸೂಲು ಮಾಡಲಾಗುತ್ತಿದೆ. ಮೊದಲು ವರ್ಷಕ್ಕೆ 200 ಪೌಂಡು ಇದ್ದ ಇದು 2024ರ ಫೆಬ್ರವರಿಯಲ್ಲಿ 1,035 ಪೌಂಡಿಗೆ ಏರಿತು. ವಿದ್ಯಾರ್ಥಿಗಳಿಗೆ 776 ಪೌಂಡು. ವೀಸಾ ಅವಧಿಯ ಒಟ್ಟು ಮೊತ್ತವನ್ನು ಅರ್ಜಿಯೊಡನೆಯೇ ಕೊಡಬೇಕಾದುದರಿಂದ, ಹೊರಡುವವರು ಇದನ್ನು ಖರ್ಚಿನ ಅಂದಾಜಿನಲ್ಲಿ ಮೊದಲೇ ಸೇರಿಸಿಕೊಳ್ಳತಕ್ಕದ್ದು. ಆಸ್ಟ್ರೇಲಿಯದಲ್ಲಿ ಪರದೇಶೀಯ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಆರೋಗ್ಯವಿಮೆಯಿದ್ದು, ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾಕ್ಕೆ ಅದು ಅವಶ್ಯಕ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಎಲ್ಲರನ್ನೂ ಒಳಗೊಳ್ಳುವ ಒಂದೇ ಸಾರ್ವಜನಿಕ ವ್ಯವಸ್ಥೆಯಿಲ್ಲ. 1965ರಲ್ಲಿ ವೃದ್ಧರಿಗಾಗಿ ಮೆಡಿಕೇರ್ ಬಂದಿತು. ಉಳಿದವರಲ್ಲಿ ಹೆಚ್ಚಿನವರು ಉದ್ಯೋಗದಾತರ ಮೂಲಕ ಖಾಸಗಿ ವಿಮೆಯನ್ನು ಪಡೆಯುತ್ತಾರೆ. ವಿನಿಮಯ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಕೊಡುವ ಜೆ–1 ವೀಸಾದ ನಿಯಮದಂತೆ ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1 ಲಕ್ಷ ಡಾಲರಿನ ರಕ್ಷಣೆ ಇರಬೇಕು. ಇತರ ವಿದ್ಯಾರ್ಥಿಗಳಿಗೆ ಆಯಾ ವಿಶ್ವವಿದ್ಯಾನಿಲಯದ ನಿಯಮವೇ ಪ್ರಮಾಣ. ಯೂರೋಪಿನ ಷೆಂಗೆನ್ ದೇಶಗಳಿಗೆ ಅಲ್ಪಕಾಲದ ಪ್ರವಾಸ ಹೋಗುವವರಿಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸವಿಮೆ ಬೇಕು.

ಮಂಗಳೂರು, ಉಡುಪಿ, ಭಟ್ಕಳದ ಅನೇಕ ಮನೆಗಳಿಗೆ ಪರದೇಶವೆಂದರೆ ಕೊಲ್ಲಿಯ ದೇಶಗಳು. ಅಲ್ಲಿ ವಿಮೆಯ ಹೊಣೆ ಉದ್ಯೋಗದಾತನ ಮೇಲಿದೆ. ಸೌದಿ ಅರೇಬಿಯದಲ್ಲಿ 1999ರಲ್ಲಿ ಸಹಕಾರಿ ಆರೋಗ್ಯವಿಮೆಯ ಶಾಸನವಾಯಿತು. ಅಬುಧಾಬಿಯಲ್ಲಿ 2005ರಲ್ಲಿ, ದುಬೈನಲ್ಲಿ 2013ರಲ್ಲಿ ಕಡ್ಡಾಯ ವಿಮೆಯ ಕಾನೂನುಗಳು ಬಂದುವು. 2025ರ ಜನವರಿಯಿಂದ ಸಂಯುಕ್ತ ಅರಬ್ ಎಮಿರೇಟುಗಳ ಉಳಿದ ಭಾಗಗಳಲ್ಲಿಯೂ ಖಾಸಗಿ ನೌಕರರಿಗೂ ಮನೆಗೆಲಸದವರಿಗೂ ಈ ಕಡ್ಡಾಯ ವಿಸ್ತರಿಸಿತು. ದುಬೈ ಕಾನೂನಿನಂತೆ ನೌಕರನ ಕಂತನ್ನು ಮಾಲೀಕನೇ ಕೊಡಬೇಕು, ಸಂಬಳದಿಂದ ಹಿಡಿಯುವಂತಿಲ್ಲ. ಆದರೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡವನು ಅವರ ವಿಮೆಯನ್ನು ತಾನೇ ನೋಡಿಕೊಳ್ಳಬೇಕು.

ಈ ವ್ಯವಸ್ಥೆಯಲ್ಲಿ ಒಂದು ದುರ್ಬಲವಾದ ಕೊಂಡಿಯಿದೆ. ವಿಮೆಯು ಉದ್ಯೋಗಕ್ಕೆ ಕಟ್ಟಲ್ಪಟ್ಟಿರುವುದರಿಂದ, ಕೆಲಸ ಹೋದವನಿಗೆ ಸಂಬಳದೊಡನೆ ವಿಮೆಯೂ ತಪ್ಪಬಹುದು. ವೀಸಾದ ಅವಧಿ ಮುಗಿದ ಮೇಲೆಯೂ ಅಲ್ಲಿಯೇ ಉಳಿದವನ ಸ್ಥಿತಿ ಇನ್ನೂ ಕಷ್ಟ. ಅವನು ನೋವನ್ನು ನುಂಗಿಕೊಂಡು ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾನೆ. ಹೋಗುವ ವೇಳೆಗೆ ಕಾಯಿಲೆ ಬಲಿತಿರುತ್ತದೆ. ಊರಿನಲ್ಲಿ ಮನೆಯವರು ಒಡವೆಯನ್ನೋ ಹೊಲವನ್ನೋ ಅಡವಿಡಬೇಕಾಗುತ್ತದೆ. ಇಂತಹ ಸಂಕಟದಲ್ಲಿರುವವರ ತುರ್ತು ಚಿಕಿತ್ಸೆಗಾಗಿ ಭಾರತದ ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಅರ್ಹತೆಯನ್ನು ವಿಚಾರಿಸಿ ನೆರವು ಕೊಡುತ್ತಾರೆ. ಇದನ್ನು ತಿಳಿಯದವರೇ ಹೆಚ್ಚು.

ವಲಸೆಗೆ ಸರ್ಕಾರದ ಅನುಮತಿ ಬೇಕೆಂಬ ವರ್ಗದ ಪಾಸ್‌ಪೋರ್ಟುಳ್ಳ ಕಾರ್ಮಿಕರಿಗೆ ಭಾರತ ಸರ್ಕಾರವು 2003ರಲ್ಲಿ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ತಂದಿತು. 2017ರ ಪರಿಷ್ಕರಣೆಯಲ್ಲಿ ಎರಡು ವರ್ಷದ ಕಂತು 275 ರೂಪಾಯಿ, ಮೂರು ವರ್ಷದ ಕಂತು 375 ರೂಪಾಯಿ ಎಂದು ಗೊತ್ತಾಯಿತು. ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ 10 ಲಕ್ಷ ರೂಪಾಯಿ. ಅಲ್ಪ ಕಂತಿಗೆ ಇಷ್ಟು ದೊಡ್ಡ ಮೊತ್ತ ಸಾಧ್ಯವಾದುದು ಸೇರಿದವರ ಸಂಖ್ಯೆ ದೊಡ್ಡದಾಗಿರುವುದರಿಂದ ಹಾಗೂ ಅಂತಹ ಅಪಘಾತಗಳು ವಿರಳವಾದುದರಿಂದ. ಆದರೆ ಇದು ಮುಖ್ಯವಾಗಿ ಅಪಘಾತದ ವಿಮೆ. ಆರೋಗ್ಯವಿಮೆಯ ಸ್ಥಾನವನ್ನು ಇದು ತುಂಬಲಾರದು.

ವಿಮಾಪತ್ರವನ್ನು ಓದುವ ಬಗೆ

ವಿಮಾಪತ್ರದಲ್ಲಿ ಮೊದಲು ನೋಡಬೇಕಾದುವು ನಾಲ್ಕು ಅಂಕಿಗಳು. ಸಂಸ್ಥೆಯು ಕೊಡುವ ಗರಿಷ್ಠ ಮೊತ್ತ ಎಷ್ಟು. ರೋಗಿಯು ಮೊದಲು ತಾನೇ ಭರಿಸಬೇಕಾದ ಮೊತ್ತ ಎಷ್ಟು (ಇದಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ). ಅನಂತರದ ವೆಚ್ಚದಲ್ಲಿ ರೋಗಿಯ ಪಾಲು ನೂರಕ್ಕೆ ಎಷ್ಟು. ರೋಗಿಯು ಒಂದು ವರ್ಷದಲ್ಲಿ ಕೊಡಬೇಕಾದುದಕ್ಕೆ ಮೇಲ್ಮಿತಿ ಇದೆಯೆ, ಇದ್ದರೆ ಎಷ್ಟು.

ಎರಡು ಕಾಲ್ಪನಿಕ ವಿಮಾಪತ್ರಗಳನ್ನು ಹೋಲಿಸೋಣ. ಮೊದಲನೆಯದರಲ್ಲಿ ರೋಗಿಯು ಮೊದಲು ಏನನ್ನೂ ಕೊಡಬೇಕಾಗಿಲ್ಲ. ಆದರೆ ಸಂಸ್ಥೆ ಕೊಡುವ ಗರಿಷ್ಠ ಮೊತ್ತ 25,000 ಡಾಲರು. ಎರಡನೆಯದರಲ್ಲಿ ಮೊದಲ 500 ಡಾಲರು ರೋಗಿಯದು; ಅನಂತರದ ವೆಚ್ಚದಲ್ಲಿ ನೂರಕ್ಕೆ 20 ರೋಗಿಯದು; ಆದರೆ ರೋಗಿಯ ಒಟ್ಟು ಹೊಣೆ ವರ್ಷಕ್ಕೆ 5,000 ಡಾಲರನ್ನು ಮೀರುವುದಿಲ್ಲ, ಸಂಸ್ಥೆಯ ಹೊಣೆಗೆ ಮಿತಿಯಿಲ್ಲ. ಹಲ್ಲುನೋವಿಗೋ ಕೆಮ್ಮಿಗೋ 300 ಡಾಲರು ವೆಚ್ಚವಾದರೆ ಮೊದಲನೆಯ ಪತ್ರದವನು ಏನೂ ಕೊಡುವುದಿಲ್ಲ. ಎರಡನೆಯವನು 300ನ್ನೂ ಕೊಡುತ್ತಾನೆ. ಮೊದಲನೆಯದೇ ಮೇಲೆಂದು ತೋರುತ್ತದೆ. ಆದರೆ ಕಾಲು ಮುರಿದು 40,000 ಡಾಲರು ವೆಚ್ಚವಾಯಿತೆನ್ನಿ. ಮೊದಲನೆಯವನು 15,000 ಡಾಲರಿನ ಸಾಲಗಾರನಾಗುತ್ತಾನೆ. ಎರಡನೆಯವನ ಲೆಕ್ಕ 500 ಮತ್ತು 7,900 ಸೇರಿ 8,400 ಆಗುತ್ತದಾದರೂ, ಮೇಲ್ಮಿತಿಯ ಕಾರಣದಿಂದ ಅವನು ಕೊಡುವುದು 5,000 ಮಾತ್ರ. ವೆಚ್ಚವು 2 ಲಕ್ಷ ಡಾಲರಿಗೆ ಏರಿದರೂ ಅವನದು ಅಷ್ಟೇ, ಮೊದಲನೆಯವನದು 1,75,000.

ಇದರಿಂದ ದೊರೆಯುವ ಪಾಠ ಹೀಗಿದೆ. ಆಗಾಗ ಬರುವ ಸಣ್ಣ ವೆಚ್ಚಗಳು ಬಹುಮಟ್ಟಿಗೆ ನಿಶ್ಚಿತವಾದುವು. ಅವುಗಳಿಗೆ ವಿಮೆ ಮಾಡಿದರೆ ನಮ್ಮ ಹಣವೇ ಕಚೇರಿಯ ಖರ್ಚನ್ನು ಕಳೆದುಕೊಂಡು ನಮಗೆ ಹಿಂದಿರುಗುತ್ತದೆ. ಅಪರೂಪವಾದರೂ ಬಂದರೆ ಬದುಕನ್ನು ಬುಡಮೇಲು ಮಾಡುವ ವೆಚ್ಚಕ್ಕಾಗಿಯೇ ವಿಮೆ ಇರುವುದು. ಆದುದರಿಂದ ಕೆಳಗಿನ ಮಿತಿಗಿಂತ ಮೇಲಿನ ಮಿತಿಯನ್ನು ಮೊದಲು ನೋಡಬೇಕು.

ಪ್ರವಾಸವಿಮೆಗೂ ವಾಸದ ವಿಮೆಗೂ ಇರುವ ಭೇದವನ್ನೂ ಗಮನಿಸಬೇಕು. ಪ್ರವಾಸವಿಮೆಯು ಸಾಮಾನ್ಯವಾಗಿ ಅನಿರೀಕ್ಷಿತವಾದ ತುರ್ತು ಕಾಯಿಲೆಗೆ, ಅದೂ ಕೆಲವು ವಾರಗಳ ಅಥವಾ ತಿಂಗಳುಗಳ ಅವಧಿಗೆ ಮಾತ್ರ. ಮಕ್ಕಳನ್ನು ನೋಡಲು ಹೋಗುವ ವೃದ್ಧ ತಂದೆತಾಯಿಯರಿಗೆ ಈ ವಿಮೆಯನ್ನು ಮಾಡಿಸುವಾಗ, ಅವರಿಗೆ ಮೊದಲೇ ಇರುವ ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟದ್ದು ಆಸ್ಪತ್ರೆಯ ದಾಖಲೆಯಲ್ಲಿ ಹೊರಬಿದ್ದರೆ, ಕಂತು ಕೊಟ್ಟೂ ಫಲವಿಲ್ಲದೆ ಹೋಗಬಹುದು.

ಹೊರಡುವ ಮುನ್ನ

ಇನ್ನು ಕೆಲವು ಸಣ್ಣ ಸಂಗತಿಗಳುಂಟು. ನಿತ್ಯವೂ ಔಷಧಿ ಸೇವಿಸುವವರು ವೈದ್ಯರ ಚೀಟಿಯಲ್ಲಿ ವ್ಯಾಪಾರದ ಹೆಸರಿನೊಡನೆ ಔಷಧದ ಮೂಲನಾಮವನ್ನೂ ಬರೆಸಿಕೊಳ್ಳಬೇಕು. ಇಲ್ಲಿಯ ವ್ಯಾಪಾರದ ಹೆಸರು ಅಲ್ಲಿ ಯಾರಿಗೂ ತಿಳಿಯದಿರಬಹುದು. ಟ್ರಮಡಾಲ್, ಕೊಡೀನ್ ಇರುವ ನೋವಿನ ಮತ್ತು ಕೆಮ್ಮಿನ ಔಷಧಿಗಳು ಸಂಯುಕ್ತ ಅರಬ್ ಎಮಿರೇಟುಗಳಲ್ಲಿ ಕಟ್ಟುನಿಟ್ಟಾದ ನಿಯಂತ್ರಣಕ್ಕೆ ಒಳಪಟ್ಟಿವೆ. ಮುಂಚಿತವಾಗಿ ಅನುಮತಿ ಪಡೆಯದೆ ಒಯ್ಯುವುದು ಅಪರಾಧವಾಗುತ್ತದೆ. ವಿಮೆಯ ಸಂಖ್ಯೆ, ರಕ್ತದ ಗುಂಪು, ಒಗ್ಗದ ಔಷಧಿಗಳ ಹೆಸರು ಇವನ್ನು ಬರೆದ ಚೀಟಿಯೊಂದು ಸದಾ ಜೇಬಿನಲ್ಲಿರಲಿ. ಅದರ ನಕಲು ಊರಿನಲ್ಲಿ ಮನೆಯವರ ಬಳಿಯೂ ಇರಲಿ. ತುರ್ತು ಕರೆಯ ಸಂಖ್ಯೆಯನ್ನು ಇಳಿದ ದಿನವೇ ಕಲಿತುಕೊಳ್ಳಬೇಕು. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಅದು 112, ಬ್ರಿಟನ್ನಿನಲ್ಲಿ 999, ಅಮೆರಿಕದಲ್ಲಿ 911, ಆಸ್ಟ್ರೇಲಿಯದಲ್ಲಿ 000, ಎಮಿರೇಟುಗಳಲ್ಲಿ ಆಂಬುಲೆನ್ಸಿಗೆ 998, ಸೌದಿ ಅರೇಬಿಯದಲ್ಲಿ 997.

ವರ್ಷದ ಕೊನೆಯಲ್ಲಿ ಯಾವ ಕಾಯಿಲೆಯೂ ಬಾರದೆ ಹೋದವನು "ಕೊಟ್ಟ ಕಂತು ದಂಡವಾಯಿತು" ಎಂದು ಹಲುಬುವುದುಂಟು. ನಮ್ಮ ಲೆಕ್ಕವನ್ನು ತಿಳಿದವನು ಹಾಗೆ ಹೇಳಲಾರ. ಅವನ 10,000 ರೂಪಾಯಿ ಎಲ್ಲಿಯೂ ಕಳೆದುಹೋಗಲಿಲ್ಲ. ಅವನಂತೆಯೇ ಮನೆಯಿಂದ ದೂರವಿದ್ದು, ಅವನಿಗೆ ಮುಖಪರಿಚಯವೂ ಇಲ್ಲದ ಯಾವನೋ ಒಬ್ಬನ ಹಾಸಿಗೆಯ ಪಕ್ಕಕ್ಕೆ ಅದು ಹೋಗಿ ಸೇರಿತು. ಐವತ್ತು ಬೀಜಗಳಲ್ಲಿ ಗುರುತಿನ ಬೀಜವು ಆ ಸಲ ಅವನ ಕೈಗೆ ಬರಲಿಲ್ಲ, ಅಷ್ಟೆ.